ಎದ್ದು ನಿಲ್ಲುವ ಬೆಂಡು

"ದೊಡ್ಡಪ್ಪ, ನೂಡಲ್ ಜಗ್ ಮಾಡ್ತಾ ಇದೀನಿ, ಬರ್ತೀರಾ?" ಎಂದು ತಮ್ಮನ ಮಗ ಕರೆದಾಗ ನಾನು ನೇರವಾಗಿ ಅಡುಗೆಮನೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಹುಡುಗ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕುಳಿತು, ಪ್ಲಂಬರನ ಪೈಪು, ಗರಗಸ, ಹುರಿಯ ಉಂಡೆ ಹರಡಿಕೊಂಡಿದ್ದ. ಅವನ ತೊಡೆಯ ಮೇಲೆ ಮಗುವಿನ ತೋಳಿನಷ್ಟು ದಪ್ಪದ, ಹಗುರವಾದ, ನೀಲಿ ಬಣ್ಣದ ಉದ್ದನೆಯ ಸ್ಪಂಜಿನ ಕೊಳವೆಯೊಂದಿತ್ತು. ಈಜು ಕಲಿಯುವ ಮಕ್ಕಳು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವ ಇದಕ್ಕೆ ಅಮೆರಿಕದಲ್ಲಿ ನೂಡಲ್ ಎನ್ನುತ್ತಾರೆ. ಆಕಾರ ನೋಡಿ ಇಟ್ಟ ಹೆಸರು, ತಿನ್ನುವುದಕ್ಕಲ್ಲ.

ಬೇಸಿಗೆ ರಜೆಯಲ್ಲಿ ತಮ್ಮನ ಮನೆಗೆಂದು ಟೆಕ್ಸಾಸಿಗೆ ಹೋಗಿದ್ದೆ. ಅವನಿರುವುದು ಡಲ್ಲಾಸ್ ನಗರದ ಪೂರ್ವಕ್ಕೆ. ಅಲ್ಲಿಂದ ಇನ್ನಷ್ಟು ಮುಂದೆ ಹೋದರೆ ಲೇಕ್ ಟವಕೋನಿ ಎಂಬ ದೊಡ್ಡ ಜಲಾಶಯ ಸಿಗುತ್ತದೆ. ಸಬೀನ್ ನದಿಗೆ 1960ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ಅಲ್ಲಿನ ಬ್ಲೂ ಕ್ಯಾಟ್‌ಫಿಶ್, ಅಂದರೆ ನೀಲಿ ಛಾಯೆಯ ಮೀಸೆ ಮೀನು, ಬಲು ಪ್ರಸಿದ್ಧ. ಅದನ್ನು ಹಿಡಿಯುವ ಒಂದು ಹಳೆಯ ವಿಧಾನವೇ ಜಗ್ ಫಿಶಿಂಗ್. ಬಾಯಿ ಮುಚ್ಚಿದ ಖಾಲಿ ಹೂಜಿಗೋ ಡಬ್ಬಕ್ಕೋ ಹುರಿ ಕಟ್ಟಿ, ತುದಿಗೆ ಗಾಳ ಬಿಗಿದು, ನೀರಿನಲ್ಲಿ ತೇಲಿಬಿಡುವುದು. ಹೂಜಿ ಹೋಗಿ ಪ್ಲಾಸ್ಟಿಕ್ ಡಬ್ಬ ಬಂತು, ಅದರ ಜೊತೆಗೀಗ ನೂಡಲ್ ಸೇರಿಕೊಂಡಿದೆ. ಜಗ್ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ.

ನಾನು ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು. ಬಿದಿರು ಕೋಲು, ದಾರ, ಬೆಂಡು, ಎರೆಹುಳು ಇಷ್ಟಿದ್ದರೆ ಹಳ್ಳದ ದಂಡೆಯಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತಿದ್ದೆವು. ಬೆಂಡು ಮುಳುಗಿದರೆ ಮೀನು ಕಚ್ಚಿತೆಂದು ಲೆಕ್ಕ. ಆದರೆ ಈ ನೂಡಲ್ ಬೆಂಡಿನ ಸ್ವಭಾವವೇ ಬೇರೆ. ಮೀನು ಕಚ್ಚದಿರುವಾಗ ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ಕಚ್ಚಿ ಎಳೆದೊಡನೆ ಕಂಬದಂತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಮೀನು ತಪ್ಪಿಸಿಕೊಂಡು ಹೋದರೂ ನಿಂತೇ ಇರುತ್ತದೆ. ಮೇಲ್ತುದಿಗೆ ಸುತ್ತಿದ ಹೊಳೆಯುವ ಪಟ್ಟಿ ರಾತ್ರಿ ಟಾರ್ಚ್ ಬೆಳಕಿಗೆ ದೂರದಿಂದಲೇ ಮಿನುಗುತ್ತದೆ.

ಹುಡುಗ ಇದನ್ನು ಕಲಿತದ್ದು ನೆರೆಮನೆಯ ನಿವೃತ್ತ ಅಜ್ಜನಿಂದ. ಕಲಿತದ್ದು ಎನ್ನುವುದಕ್ಕಿಂತ ಅಜ್ಜನ ಶೆಡ್ಡಿನಲ್ಲಿ ನೇತುಹಾಕಿದ್ದನ್ನು ಕಣ್ಣಳತೆಯಲ್ಲಿ ನಕಲು ಮಾಡಿದ್ದು ಎಂದರೆ ಸರಿ. ಅರ್ಧ ಇಂಚಿನ ಪಿ.ವಿ.ಸಿ. ಪೈಪನ್ನು 60 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ್ದ. ಅದಕ್ಕೆ 45 ಸೆಂ.ಮೀ. ನೂಡಲ್ ತುಂಡನ್ನು ತೂರಿಸಿದ್ದ. ನೂಡಲಿನ ನಡುವೆ ತೂತು ಇದ್ದೇ ಇರುವುದರಿಂದ ಪೈಪು ಬಿಗಿಯಾಗಿ ಕೂರುತ್ತದೆ. ಒಂದು ತುದಿಯಲ್ಲಿ 15 ಸೆಂ.ಮೀ. ಪೈಪು ಬರಿದೇ ಹೊರಗೆ ಚಾಚಿಕೊಂಡಿತ್ತು. ಎರಡೂ ತುದಿಗೆ ಎಂಡ್ ಕ್ಯಾಪು ಹಾಕಿ, ಸಲ್ಯೂಷನ್ ಹಚ್ಚಿ ಭದ್ರಪಡಿಸಿದ್ದ. ಚಾಚಿದ ತುದಿಯ ಕ್ಯಾಪಿನಲ್ಲಿ ಕಣ್ಣುಳ್ಳ ಬೋಲ್ಟ್, ಅದಕ್ಕೆ ಮೂರೂವರೆ ಮೀಟರ್ ನೈಲಾನ್ ಹುರಿ, ಹುರಿ ಮುರಿ ಬೀಳದಂತೆ ನಡುವೆ ತಿರುಗುವ ಕೊಂಡಿ, ಎರಡು ಗಾಳ, ಕೊನೆಗೆ ನೂರು ಗ್ರಾಮಿಗೆ ತುಸು ಮೇಲ್ಪಟ್ಟ ಸೀಸದ ಗುಂಡು. ನೋಡಲು ಅಜ್ಜನದರ ತದ್ರೂಪ.

ಸ್ನಾನದ ತೊಟ್ಟಿಗೆ ಅಂಚಿನವರೆಗೆ ನೀರು ತುಂಬಿ, ಹುರಿಯನ್ನು ಗಿಡ್ಡ ಮಾಡಿ, ತೇಲಿಬಿಟ್ಟೆವು. ಸೊಗಸಾಗಿ ಅಡ್ಡ ಮಲಗಿತು. ಹುಡುಗ ಮೀನಿನ ಬದಲು ತಾನೇ ಹುರಿ ಎಳೆದ, ಎದ್ದು ನಿಂತಿತು. ಬಿಟ್ಟ, ದೊಪ್ಪನೆ ಬಿತ್ತು. ಹತ್ತು ಸಲ ಎಳೆದರೆ ಹತ್ತು ಸಲವೂ ಬಿತ್ತು.

"ಅಜ್ಜಂದು ನಿಲ್ಲುತ್ತೆ. ನಂದ್ಯಾಕೆ ಬೀಳುತ್ತೆ ದೊಡ್ಡಪ್ಪ?"

ಇಪ್ಪತ್ತೆಂಟು ವರ್ಷ ಆರ್ಕಿಮಿಡೀಸನ ತತ್ತ್ವ ಬೋಧಿಸಿದವನು ನಾನು. ಉತ್ತರ ಬಾಯಲ್ಲೇ ಇತ್ತು: "ಗುಂಡು ಹಗುರವಾಯಿತು, ಅಷ್ಟೇ." ಗರಡಿಯ ತೂಕದ ಬಿಲ್ಲೆಯೊಂದನ್ನು ತಂದು ಅರ್ಧ ಕಿಲೊ ಕಟ್ಟಿಸಿದೆ. ನೀರಿಗೆ ಬಿಡುತ್ತಲೇ ಜಗ್ಗು ತಾನಾಗಿಯೇ ಎದ್ದು ನಿಂತಿತು. ಮೀನೂ ಇಲ್ಲ, ಎಳೆಯುವ ಕೈಯೂ ಇಲ್ಲ! ಹುಡುಗ ನನ್ನ ಮುಖ ನೋಡಿದ. ಯಾವಾಗಲೂ ನಿಂತೇ ಇರುವ ಬೆಂಡು ಯಾವಾಗಲೂ ಮಲಗಿರುವ ಬೆಂಡಿನಷ್ಟೇ ನಿರುಪಯೋಗಿ, ಎರಡೂ ಸುದ್ದಿ ಕೊಡುವುದಿಲ್ಲ.

ಗುಟ್ಟು ಹೊರಬಿದ್ದದ್ದು ಕೇಳಿದಾಗ, ನೋಡಿದಾಗ ಅಲ್ಲ. ಅಜ್ಜನಿಂದ ಒಂದು ಜಗ್ಗನ್ನು ಎರವಲು ತಂದು ಕೈಯಲ್ಲಿ ಹಿಡಿದು ಓರೆ ಮಾಡಿದರೆ ಒಳಗೆ ಏನೋ ಜಾರಿ 'ಟಕ್' ಎಂದಿತು. ಪೈಪಿನೊಳಗೆ ಮನೆ ಕಟ್ಟುವ ಕಬ್ಬಿಣದ ಕಂಬಿಯ ತುಂಡೊಂದು ಅತ್ತಿತ್ತ ಓಡಾಡುತ್ತಿತ್ತು! ಜಗ್ಗು ಮಲಗಿರುವಾಗ ಅದು ನೂಡಲಿನ ಕಡೆಯ ತುದಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮೀನು ಎಳೆದು ಜಗ್ಗು ಓರೆಯಾದಾಗ ಜಾರಿ ಕೆಳತುದಿಗೆ ಬರುತ್ತದೆ. ಆಮೇಲೆ ಅದನ್ನು ಮೇಲಕ್ಕೆ ಎತ್ತಿಡುವವರು ಯಾರೂ ಇಲ್ಲ.

ಮಕ್ಕಳೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತೇಲುವ ಯಾವುದೇ ವಸ್ತುವಿಗೆ ಎರಡು ಕೇಂದ್ರಗಳಿವೆ. ಅದರ ತೂಕವೆಲ್ಲ ಕೆಳಮುಖವಾಗಿ ಎಳೆಯುವಂತೆ ತೋರುವ ಬಿಂದು ಗುರುತ್ವ ಕೇಂದ್ರ. ನೀರು ಮೇಲ್ಮುಖವಾಗಿ ನೂಕುವಂತೆ ತೋರುವ ಬಿಂದು ಪ್ಲವನ ಕೇಂದ್ರ. ಇದು ಮುಳುಗಿದ ಭಾಗದ ನಟ್ಟನಡುವೆ ಇರುತ್ತದೆ. ಸಣಕಲು ಕೋಲಿನಂಥ ವಸ್ತು ನೆಟ್ಟಗೆ ನಿಲ್ಲಬೇಕಾದರೆ ಗುರುತ್ವ ಕೇಂದ್ರ ಕೆಳಗೆ, ಪ್ಲವನ ಕೇಂದ್ರ ಮೇಲೆ ಇರಬೇಕು. ತಿರುಗುಮುರುಗಾದರೆ ಬೀಳುತ್ತದೆ. ಪುಸ್ತಕದಲ್ಲಿ ಇಷ್ಟೇ ಇದೆ. ನಾನೂ ಕಪ್ಪುಹಲಗೆಯ ಮೇಲೆ ದೋಣಿಯ ಚಿತ್ರ ಬರೆದು ಇಷ್ಟನ್ನೇ ಹೇಳುತ್ತಾ ಬಂದಿದ್ದೆ.

ಈಗ ಅಳೆದೆವು. ಗುಂಡು ಕಟ್ಟಿದ ಜಗ್ಗನ್ನು ಸ್ಕೇಲಿನ ಅಂಚಿನ ಮೇಲೆ ತೂಗಿಸಿ, ಎಲ್ಲಿ ಸಮತೋಲವಾಯಿತೋ ಅಲ್ಲಿ ಗುರುತು ಹಾಕಿದೆವು. ಹುಡುಗನ ಜಗ್ಗಿನಲ್ಲಿ ಅದು ಕೆಳತುದಿಯಿಂದ ಸುಮಾರು 20 ಸೆಂ.ಮೀ. ಮೇಲಿತ್ತು. ಬೆರಳಿನಿಂದ ನೆಟ್ಟಗೆ ಹಿಡಿದು, ನೀರಿನ ಗೆರೆ ಗುರುತಿಸಿ, ಮುಳುಗಿದ ಗಾತ್ರದ ಲೆಕ್ಕ ಹಾಕಿದರೆ ಪ್ಲವನ ಕೇಂದ್ರ ಸುಮಾರು 17ರಲ್ಲಿ ಸಿಕ್ಕಿತು. ಬೀಳದೆ ಇನ್ನೇನಾದೀತು? ಕ್ಯಾಪನ್ನು ಗರಗಸದಲ್ಲಿ ಕತ್ತರಿಸಿ ತೆಗೆದು, ಸುಮಾರು 200 ಗ್ರಾಂ ತೂಗುವ 20 ಸೆಂ.ಮೀ. ಕಂಬಿಯನ್ನು ಒಳಗೆ ಹಾಕಿ ಹೊಸ ಕ್ಯಾಪು ಕೂರಿಸಿದೆವು. ಕಂಬಿ ಕೆಳಗಿದ್ದಾಗ ಗುರುತ್ವ ಕೇಂದ್ರ 17ಕ್ಕೆ ಇಳಿದಿತ್ತು. ಜಗ್ಗು ಭಾರವಾಗಿ ಹೆಚ್ಚು ಮುಳುಗಿದ್ದರಿಂದ ಪ್ಲವನ ಕೇಂದ್ರ 20ನ್ನು ದಾಟಿ ಮೇಲೇರಿತ್ತು. ಎರಡೂ ಸ್ಥಾನ ಬದಲಿಸಿಕೊಂಡಿದ್ದವು. ಹುರಿ ಎಳೆದು ಬಿಟ್ಟರೆ ನಿಂತೇ ಇತ್ತು, ಅಲುಗಾಡಿಸಿದರೂ ಬೀಳಲಿಲ್ಲ. "ಭಾವ, ನಮ್ಮ ಸ್ನಾನದ ಮನೆ ನಿಮ್ಮ ಪ್ರಯೋಗಶಾಲೆ ಆಯ್ತಲ್ಲ" ಎಂದು ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕರು. ಮೂರು ದಿನ ಆ ತೊಟ್ಟಿಯಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ.

ಹೀಗೆ ಹತ್ತು ಜಗ್ಗು ತಯಾರಾದವು. ಹುಡುಗನಿಗೆ ಕಿತ್ತಳೆ ಬಣ್ಣದ ನೂಡಲ್ ಇಷ್ಟವಾಗಿತ್ತು, ಅಜ್ಜ ಬೇಡವೆಂದರು. ಟೆಕ್ಸಾಸ್ ರಾಜ್ಯದ ನಿಯಮದಂತೆ ಕಿತ್ತಳೆ ಬಣ್ಣ ಮೀನು ಮಾರುವ ವೃತ್ತಿಯವರಿಗೆ ಮೀಸಲು. ಒಂದು ಜಗ್ಗಿಗೆ ಐದಕ್ಕಿಂತ ಹೆಚ್ಚು ಗಾಳ ಕಟ್ಟುವಂತಿಲ್ಲ. ಪ್ರತಿಯೊಂದಕ್ಕೂ ಹೆಸರು, ವಿಳಾಸ, ನೀರಿಗೆ ಬಿಟ್ಟ ತಾರೀಖು ಬರೆದ ಚೀಟಿ ಇರಬೇಕು. ಹದಿನೇಳು ತುಂಬದ ಅಲ್ಲಿನ ಮಕ್ಕಳಿಗೆ ಪರವಾನಗಿ ಬೇಡ. ನನ್ನಂಥ ಪರದೇಶಿ ಒಂದು ದಿನದ ಪರವಾನಗಿಗೆ ದುಡ್ಡು ಕಟ್ಟಬೇಕು. ಕಟ್ಟಿದೆ. ಹುಡುಗ ಚೀಟಿಗಳ ಮೂಲೆಯಲ್ಲಿ ತನ್ನ ಖುಷಿಗೆಂದು 1ರಿಂದ 10ರವರೆಗೆ ಅಂಕಿಯನ್ನೂ ಬರೆದ.

ಸಂಜೆ ಅಜ್ಜನ ದೋಣಿಯಲ್ಲಿ ಹೊರಟೆವು. ಗಾಳಕ್ಕೆ ಎರೆಯಾಗಿ ಶ್ಯಾಡ್ ಎಂಬ ಬೆಳ್ಳಿ ಮೀನಿನ ತುಂಡುಗಳು. ಇದು ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ, ವಾಸನೆಯೂ ಹಾಗೆಯೇ. ಆ ವಾಸನೆಯೇ ಇಲ್ಲಿ ಮುಖ್ಯ. ಕ್ಯಾಟ್‌ಫಿಶ್‌ಗೆ ಕಣ್ಣು ಚಿಕ್ಕದು, ಆದರೆ ಅದರ ಮೈಯೆಲ್ಲ ನಾಲಿಗೆ ಎಂದರೆ ಅತಿಶಯವಲ್ಲ. ರುಚಿ ಗುರುತಿಸುವ ಮೊಗ್ಗುಗಳು ಅದರ ಬಾಯಲ್ಲಷ್ಟೇ ಅಲ್ಲ, ಎಂಟು ಮೀಸೆಗಳಲ್ಲಿ, ಹುರುಪೆಯಿಲ್ಲದ ನುಣುಪು ಚರ್ಮದಲ್ಲಿ, ಬಾಲದವರೆಗೂ ಹರಡಿವೆ. ಕಗ್ಗತ್ತಲ ರಾಡಿ ನೀರಿನಲ್ಲಿಯೂ ಎರೆಯ ಜಾಡು ಹಿಡಿದು ಬರುತ್ತದೆ. ನಮ್ಮ ಕೆರೆಗಳ ಬಾಳೆ ಮೀನೂ ಮೀಸೆಯ ಬಳಗದ್ದೇ.

ಒಂಬತ್ತು ಗಂಟೆಗೆ ಮೊದಲ ಜಗ್ಗು ನಿಂತಿತು. ಟಾರ್ಚ್ ಬೆಳಕಿನಲ್ಲಿ ಬೆಳ್ಳಗೆ ಹೊಳೆದ ಅದನ್ನು ಕಂಡು ಹುಡುಗ ಕೂಗಿದ ಕೂಗು ಆಚೆ ದಡಕ್ಕೂ ಕೇಳಿಸಿರಬೇಕು. ಐದು ಕಿಲೊ ತೂಗುವ ಮೀನು. ಅಜ್ಜ ಅದರ ಎದೆಯ ಈಜುರೆಕ್ಕೆಯ ಮುಳ್ಳಿಗೆ ಕೈ ತಾಗದಂತೆ ಹಿಡಿಯುವುದನ್ನು ತೋರಿಸಿಕೊಟ್ಟರು. ಕೆರಳಿದಾಗ ಆ ಮುಳ್ಳು ಚಾಕುವಿನ ಹಾಗೆ ಸೆಟೆದು ನಿಲ್ಲುತ್ತದೆ. ಇದೇ ಜಾತಿಯ 121.5 ಪೌಂಡಿನ, ಅಂದರೆ 55 ಕಿಲೊದ ಮೀನೊಂದು 2004ರಲ್ಲಿ ಇದೇ ರಾಜ್ಯದ ಗಡಿಯ ಟೆಕ್ಸೋಮಾ ಜಲಾಶಯದಲ್ಲಿ ಸಿಕ್ಕಿತ್ತು ಎಂಬುದನ್ನು ಹೇಳಿದರೆ ನಮ್ಮ ಐದು ಕಿಲೊ ನಾಚಿಕೊಳ್ಳಬೇಕು. ಇರಲಿ.

ಬೆಳಗ್ಗೆ ಜಗ್ಗುಗಳನ್ನು ಎತ್ತಿಕೊಳ್ಳುತ್ತಾ ಬಂದೆವು. ಎಣಿಸಿ ಬರೆದುಕೊಳ್ಳುವ ಕೆಲಸ ನನ್ನದು. ಸಂಜೆಯ ಮಬ್ಬಿನಲ್ಲಿ ನಾನು ನೋಟುಪುಸ್ತಕದಲ್ಲಿ 'ಬಿಟ್ಟದ್ದು ಒಂಬತ್ತು' ಎಂದು ಬರೆದಿದ್ದೆ. ಒಂಬತ್ತೂ ಸಿಕ್ಕಿದವು. ಒಂದು ದೋಣಿಯಲ್ಲೇ ಉಳಿದಿರಬೇಕೆಂದುಕೊಂಡು ದಡದತ್ತ ತಿರುಗಿದೆವು. ಹುಡುಗ ಚೀಟಿಗಳನ್ನು ಸರದಿಯಂತೆ ಜೋಡಿಸುತ್ತಿದ್ದವನು ತಲೆಯೆತ್ತಿ, "ಏಳನೇದು ಎಲ್ಲಿ?" ಎಂದ. ದೋಣಿಯಲ್ಲೆಲ್ಲ ಹುಡುಕಿದರೂ ಅದಿರಲಿಲ್ಲ.

ಒಂದು ಪೈಪಿನ ತುಂಡಿಗಾಗಿ ಇಷ್ಟೇಕೆ ಎಂದು ನನಗೆ ಅನ್ನಿಸಿದ್ದು ನಿಜ. ಅಜ್ಜ ಮಾತ್ರ ಮಾತಿಲ್ಲದೆ ದೋಣಿ ತಿರುಗಿಸಿದರು. ರಾತ್ರಿಯೆಲ್ಲ ದಕ್ಷಿಣದ ಗಾಳಿ ಬೀಸಿತ್ತು, ಆದ್ದರಿಂದ ಉತ್ತರದ ದಂಡೆಯುದ್ದಕ್ಕೂ ಹುಡುಕಬೇಕೆಂದು ತೀರ್ಮಾನವಾಯಿತು. ಎರಡು ಗಂಟೆಯ ಮೇಲೆ, ಹಿನ್ನೀರಿನಲ್ಲಿ ಮುಳುಗಿದ ಮರದ ಮೋಟುಗಳ ನಡುವೆ ಅದು ಕಂಡಿತು. ನೆಟ್ಟಗೆ ನಿಂತಿತ್ತು. ಹುರಿ ಮೋಟಿಗೆ ಸುತ್ತಿಕೊಂಡಿತ್ತು. ಬಿಡಿಸಿ ಎಳೆದಾಗ ಬಂದದ್ದು ಮೀನಲ್ಲ, ಊಟದ ತಟ್ಟೆಯಗಲದ ಒಂದು ಆಮೆ. ಕಿವಿಯ ಬಳಿ ಕೆಂಪು ಪಟ್ಟೆಯಿರುವ, ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಮರಿಯಾಗಿ ಮಾರುತ್ತಿದ್ದರಲ್ಲ, ಅದೇ ಜಾತಿ. ಆಮೆಗೆ ಶ್ವಾಸಕೋಶ ಉಂಟು, ಉಸಿರಿಗೆ ಮೇಲೆ ಬರಲೇಬೇಕು. ಹುರಿ ಸಿಕ್ಕಿಕೊಂಡದ್ದರಿಂದ ಬರಲಾಗಲಿಲ್ಲ. ಸತ್ತಿತ್ತು.

ಹುಡುಗ ಗಾಳ ಬಿಡಿಸಿದ. ಇನ್ನೊಂದು ಗಾಳದಲ್ಲಿ ಎರೆ ಹಾಗೆಯೇ ಇತ್ತು. ನಾವು ಮನೆಗೆ ಹೋಗಿ ಮಲಗಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತಿತ್ತು. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. "ಒಂಬತ್ತು ಅಂತ ಬರೆದವನು ನಾನು, ನೀನಲ್ಲ" ಎಂದೆ. "ಇಬ್ಬರೂ ಎಣಿಸಬೇಕಿತ್ತು ದೊಡ್ಡಪ್ಪ" ಎಂದ. ಮರುವಾರ ಅವನು ನೀರಿಗೆ ಒಯ್ದದ್ದು ಐದೇ ಜಗ್ಗು. ಮೋಟುಗಳ ದಿಕ್ಕಿಗೆ ಗಾಳಿ ಇದ್ದರೆ ಬಿಡಕೂಡದೆಂದು ಅಜ್ಜನ ಜೊತೆ ಒಪ್ಪಂದ ಮಾಡಿಕೊಂಡ. ರಾತ್ರಿ ಮನೆಗೆ ಹೋಗುವುದನ್ನೂ ಬಿಟ್ಟು, ದೋಣಿಯಲ್ಲೇ ಇದ್ದು, ಗಂಟೆಗೊಮ್ಮೆ ಸುತ್ತು ಹಾಕಿದರು.

ತಂದೆ ತಾಯಿಯರಿಗೆ ಒಂದು ಮಾತು. ಇದನ್ನು ಮನೆಯಲ್ಲಿ ಮಾಡಿ ನೋಡಲು ಗಾಳವೂ ಬೇಡ, ಮೀನೂ ಬೇಡ, ಅಮೆರಿಕವೂ ಬೇಡ. ಪ್ಲಂಬಿಂಗ್ ಅಂಗಡಿಯ ಪೈಪಿನ ತುಂಡು, ಎರಡು ಕ್ಯಾಪು, ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿದ ಕಂಬಿಚೂರು, ದಾರ, ಒಂದು ತೂಕದ ಕಲ್ಲು ಸಾಕು. ನೂಡಲ್ ಸಿಗದಿದ್ದರೆ ಟಿ.ವಿ., ಫ್ರಿಜ್ ಪೆಟ್ಟಿಗೆಯಲ್ಲಿ ಬರುವ ಸ್ಪಂಜಿನ ಹಾಳೆಯನ್ನು ಪೈಪಿಗೆ ಬಿಗಿಯಾಗಿ ಸುತ್ತಿ ಟೇಪು ಹಚ್ಚಬಹುದು. ನಿಮ್ಮ ಸ್ಪಂಜು, ನಿಮ್ಮ ಪೈಪಿನ ತೂಕ ಬೇರೆಯಾದ್ದರಿಂದ ನಮ್ಮ 20 ಸೆಂ.ಮೀ. ಲೆಕ್ಕ ನಿಮಗೆ ಹೊಂದಲಾರದು. ಕಂಬಿಯನ್ನು ಚಿಕ್ಕದರಿಂದ ಶುರುಮಾಡಿ ಹೆಚ್ಚಿಸುತ್ತಾ ಹೋಗಿ. ಪರೀಕ್ಷೆ ಮುಗಿಯುವವರೆಗೆ ಸಲ್ಯೂಷನ್ ಹಚ್ಚಬೇಡಿ, ಕ್ಯಾಪಿಗೆ ಟೇಪು ಸುತ್ತಿದರೆ ಸಾಕು. ನಾವು ಎರಡು ಕ್ಯಾಪು ಹಾಳು ಮಾಡಿದ ಮೇಲೆ ಕಲಿತ ಪಾಠವಿದು. ಆಳದ ತೊಟ್ಟಿಯ ಬಳಿ ಚಿಕ್ಕ ಮಕ್ಕಳನ್ನು ಒಬ್ಬರೇ ಬಿಡಬೇಡಿ.

ಶಾಲೆ ತೆರೆದ ಮೇಲೆ ನಮ್ಮ ಒಂಬತ್ತನೇ ತರಗತಿಯವರು ಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಇದನ್ನು ತೇಲಿಬಿಟ್ಟರು. ಮೊದಲನೆಯದು ಬಿತ್ತು, ಎರಡನೆಯದೂ ಬಿತ್ತು, ಮೂರನೆಯದು ನಿಂತಿತು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ಕಂಬಿಯ ಬದಲು ಪೈಪಿನೊಳಗೆ ಅರ್ಧ ನೀರು ತುಂಬಿದರೆ? ಅದೂ ಜಾರುತ್ತಲ್ಲ?" ಎಂದು ಕೇಳಿದಳು. ಉತ್ತರ ನನ್ನ ಬಾಯಿಗೆ ಬಂದೇ ಬಂತು. ಹೇಳಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ತೊಟ್ಟಿ ತುಂಬಿಸಿಡಲು ಜವಾನನಿಗೆ ಹೇಳಿದ್ದೇನೆ.