ಅಳುಕು ಅಸಾಮರ್ಥ್ಯವಲ್ಲ

ಎಸ್ಸೆಸ್ಸೆಲ್ಸಿ ಮುಗಿಸಿದ ಕರ್ನಾಟಕದ ವಿದ್ಯಾರ್ಥಿ ಪಿಯುಸಿಗೆ ವಿಜ್ಞಾನ, ವಾಣಿಜ್ಯ, ಕಲೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಅಂಕಪಟ್ಟಿ, ಮನೆಯವರ ಆಸೆ, ಗೆಳೆಯರ ಆಯ್ಕೆ ಎಲ್ಲವೂ ಕಣ್ಣೆದುರಿಗಿರುತ್ತವೆ. ಆದರೆ ಈ ತೀರ್ಮಾನವನ್ನು ತಾನು ಸರಿಯಾಗಿ ಕೈಗೊಳ್ಳಬಲ್ಲೆ ಎಂಬ ಧೈರ್ಯ ಮಾತ್ರ ಅಂಕದಿಂದಲೇ ಬರುವಂಥದ್ದಲ್ಲ.

ಒಂದು ಕೆಲಸವನ್ನು ಮಾಡಬಲ್ಲೆನೆಂದು ವ್ಯಕ್ತಿ ತನ್ನ ಬಗ್ಗೆ ತಾಳುವ ಈ ನಂಬಿಕೆಯನ್ನು, ಅಂದರೆ ಸ್ವಸಾಮರ್ಥ್ಯದ ನಂಬಿಕೆಯನ್ನು, ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಕ್ಯಾರೆನ್ ಟೇಲರ್ ಮತ್ತು ನ್ಯಾನ್ಸಿ ಬೆಟ್ಜ್ 1983ರಲ್ಲಿ ಇದನ್ನು ವೃತ್ತಿ ನಿರ್ಧಾರಕ್ಕೆ ಅನ್ವಯಿಸಿ, ತನ್ನನ್ನು ತಾನು ಅಳೆದುಕೊಳ್ಳುವುದು, ವೃತ್ತಿಗಳ ಮಾಹಿತಿ ಕಲೆಹಾಕುವುದು, ಗುರಿ ಆರಿಸುವುದು, ಯೋಜನೆ ಹಾಕುವುದು, ಅಡೆತಡೆ ಬಗೆಹರಿಸುವುದು ಎಂಬ ಐದು ಕೆಲಸಗಳಲ್ಲಿ ವಿದ್ಯಾರ್ಥಿಗೆ ತನ್ನ ಮೇಲೆ ಎಷ್ಟು ಭರವಸೆಯಿದೆಯೆಂದು ತಿಳಿಯಲು 50 ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು.

ಬಂಡೂರ ಅವರ ಪ್ರಕಾರ ಈ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡ ಅನುಭವ, ಇತರರ ಉತ್ತೇಜನದ ಮಾತು, ಹಾಗೂ ಆ ಹೊತ್ತಿನ ದೇಹ ಮತ್ತು ಮನಸ್ಸಿನ ಸ್ಥಿತಿ. ನಾಲ್ಕನೆಯದೇ ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ಎದೆ ಹೊಡೆದುಕೊಂಡರೆ, ನಿದ್ದೆ ಬಾರದಿದ್ದರೆ, ಅದನ್ನು ವಿದ್ಯಾರ್ಥಿ ತನ್ನ ಅಸಾಮರ್ಥ್ಯಕ್ಕೆ ಪುರಾವೆಯೆಂದು ಓದಿಕೊಳ್ಳುತ್ತಾನೆ.

ಭಾವನಾತ್ಮಕ ಬುದ್ಧಿಮತ್ತೆ ನೆರವಾಗುವುದು ಇಲ್ಲಿಯೇ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಮಂಡಿಸಿದ, ಡೇನಿಯಲ್ ಗೋಲ್‌ಮನ್ ಅವರ 1995ರ ಪುಸ್ತಕದಿಂದ ಮನೆಮಾತಾದ ಈ ಪರಿಕಲ್ಪನೆಯಲ್ಲಿ, ಭಾವನೆಗಳನ್ನು ಗುರುತಿಸುವುದು, ಆಲೋಚನೆಗೆ ಬಳಸಿಕೊಳ್ಳುವುದು, ಅವುಗಳ ಕಾರಣ ಅರಿಯುವುದು, ಹದದಲ್ಲಿಡುವುದು ಎಂಬ ನಾಲ್ಕು ಸಾಮರ್ಥ್ಯಗಳಿವೆಯೆಂದು ಸಾಲೊವೆ ಮತ್ತು ಮೇಯರ್ 1997ರಲ್ಲಿ ಸ್ಪಷ್ಟಪಡಿಸಿದರು. ಈ ಅರಿವಿದ್ದ ವಿದ್ಯಾರ್ಥಿನಿ ಪಿಯುಸಿ ನಂತರ ಸಿಇಟಿ ಸೀಟಿಗಾಗಿ ಕಾಲೇಜು, ಕೋರ್ಸುಗಳ ಆದ್ಯತೆ ನಮೂದಿಸುವ ಆಪ್ಷನ್ ಎಂಟ್ರಿಗೆ ಕುಳಿತಾಗ ಕಾಡುವ ಅಳುಕು ವಿಷಯ ಕಷ್ಟವೆಂಬುದರಿಂದ ಬಂದದ್ದೋ, ಅಪ್ಪ ಅಮ್ಮ ನೊಂದುಕೊಂಡಾರೆಂಬುದರಿಂದ ಬಂದದ್ದೋ ಎಂದು ಬೇರ್ಪಡಿಸಿ ನೋಡಬಲ್ಲಳು; ಮೊದಲನೆಯದಾದರೆ ಬೇಕಿರುವುದು ಅಭ್ಯಾಸ, ಎರಡನೆಯದಾದರೆ ಮನೆಯವರೊಡನೆ ಮಾತುಕತೆ.

ಮನೆಯ ಆರ್ಥಿಕ ಸ್ಥಿತಿ, ಹತ್ತಿರದಲ್ಲಿ ಕಾಲೇಜಿಲ್ಲದಿರುವುದು ಮುಂತಾದ ನಿಜವಾದ ತೊಡಕುಗಳನ್ನು ಯಾವ ಬುದ್ಧಿಮತ್ತೆಯೂ ತಾನಾಗಿ ನಿವಾರಿಸದು. ಆದರೂ ಮಕ್ಕಳಿಗೆ ‘ಹೆದರಬೇಡ’ ಎಂದು ಹೇಳಿ ಮುಗಿಸುವ ಬದಲು ‘ಯಾವುದಕ್ಕೆ ಹೆದರಿಕೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ ಪೋಷಕರಲ್ಲೂ ಶಿಕ್ಷಕರಲ್ಲೂ ಇದ್ದರೆ, ಹೆದರಿಕೆಗೊಂದು ಹೆಸರು ಸಿಗುತ್ತದೆ. ಹೆಸರು ಸಿಕ್ಕ ಹೆದರಿಕೆಗೆ ಪರಿಹಾರ ಹುಡುಕುವುದು ಸಾಧ್ಯವಾಗುತ್ತದೆ.