ಒಂದು ಚೀಲ ಮಣ್ಣಿಗೆ ಎಷ್ಟು ಶಿಕ್ಷೆ?

ಕೋಲಾರ ಜಿಲ್ಲೆಗೆ ಜಿಲ್ಲಾಧಿಕಾರಿ ಒಬ್ಬರೇ, ಎಸ್ಪಿ ಮಾತ್ರ ಇಬ್ಬರು. ಕೋಲಾರಕ್ಕೆ ಒಬ್ಬರು, ಕೆಜಿಎಫ್‌ಗೆ ಇನ್ನೊಬ್ಬರು. ಬಂಗಾರಪೇಟೆಯೂ ಸೇರಿದಂತೆ ಬೆರಳೆಣಿಕೆಯ ಠಾಣೆಗಳಿಗಾಗಿ ಪ್ರತ್ಯೇಕ ಪೊಲೀಸ್ ಜಿಲ್ಲೆ ಯಾಕೆ ಎಂದು ಹೊರಗಿನವರು ಕೇಳುವುದುಂಟು. ಊರಿನವರಿಗೆ ಅದರ ಉತ್ತರ ಗೊತ್ತು: ಚಿನ್ನ. ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಚಿನ್ನ ಕಾಯಲು ಹುಟ್ಟಿದ ವ್ಯವಸ್ಥೆ ಮಾತ್ರ ಮುಚ್ಚಲಿಲ್ಲ.

ಕೆಜಿಎಫ್‌ನ ನಂದಿದುರ್ಗ ಗಣಿಯ ಹೆಸರು ದೂರದ ನಂದಿ ಬೆಟ್ಟದಿಂದ ಬಂದದ್ದು. ಕೈದಿಗಳನ್ನು ಅಲ್ಲಿನ ಟಿಪ್ಪು ಡ್ರಾಪ್‌ನಿಂದ ಕೆಳಗೆ ತಳ್ಳುತ್ತಿದ್ದರು ಎಂಬ ಐತಿಹ್ಯವನ್ನು ಪ್ರವಾಸಿಗರಿಗೆ ಇಂದಿಗೂ ಹೇಳುತ್ತಾರೆ. ಅದೇ ಬೆಟ್ಟದ ಹಾದಿಯಲ್ಲಿ ಸಿಗುವ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ರಾಜ್ಯದ ಬಯಲು ಬಂದೀಖಾನೆ ಇದೆ. ನಡತೆ ಒಳ್ಳೆಯದಿರುವ ಕೈದಿಗಳು ಅಲ್ಲಿ ಹೊಲದಲ್ಲಿ ದುಡಿಯುತ್ತಾರೆ. ದಂಡನೆಯ ಕಲ್ಪನೆ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ನೋಡಲು ಆ ರಸ್ತೆಯಲ್ಲಿ ಒಮ್ಮೆ ಹೋಗಿಬಂದರೂ ಸಾಕು. ಕೆಜಿಎಫ್‌ನ ದಾರಿ ಅಷ್ಟು ನೇರವಾದುದಲ್ಲ.

ಗಣಿ ನಡೆಯುತ್ತಿದ್ದಾಗ ಪಾಳಿ ಮುಗಿಸಿ ಶಾಫ್ಟ್‌ನಿಂದ ಮೇಲೆ ಬಂದವನ ಮೈ ತಡಕದೆ ಮನೆಗೆ ಬಿಡುತ್ತಿರಲಿಲ್ಲ. ಕದ್ದ ಅದಿರನ್ನು ಚಿನ್ನ ಮಾಡಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಕಲ್ಲಿನ ಮೇಲೆ ನುಣ್ಣಗೆ ಅರೆದು, ತೊಳೆದು, ಪಾದರಸ ಬೆರೆಸಿ ತಿಕ್ಕಿ, ಬಟ್ಟೆಯಲ್ಲಿ ಹಿಂಡಿದರೆ ಬೂದುಬಣ್ಣದ ಪುಟ್ಟ ಗುಂಡು ಉಳಿಯುತ್ತದೆ. ಅದನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಸಿಗುತ್ತದೆ. ಆವಿ ಸೇರುವುದು ಕಾಯಿಸಿದವನ ಎದೆಗೆ, ಅದು ಬೇರೆ ಮಾತು. ಗಣಿ ಕಂಪನಿಗಳು ಬೆಚ್ಚಿದ್ದು ಈ ಗುಂಡಿಗೆ. ಅದಕ್ಕೆಂದೇ ಮೈಸೂರು ಸಂಸ್ಥಾನ 1897ರಲ್ಲಿ ಗಣಿ ರೆಗ್ಯುಲೇಶನ್ ತಂದಿತು. ಸಾಮಾನ್ಯ ಕಳ್ಳತನದ ಕೇಸಿನಲ್ಲಿ ಮಾಲು ಕದ್ದದ್ದೆಂದು ಸಾಬೀತು ಮಾಡಬೇಕಾದವರು ಪೊಲೀಸರು. ಇಲ್ಲಿ ಲೆಕ್ಕ ತಿರುಗಿತು. ಕೈಯಲ್ಲಿ ಗಣಿಯ ಮಾಲು ಸಿಕ್ಕರೆ ಅದು ಹೇಗೆ ಬಂತೆಂದು ಸಿಕ್ಕವನೇ ಹೇಳಬೇಕು. ಲೈನ್ ಮನೆಗಳಲ್ಲಿ ಬದುಕಿದ, ರಸೀದಿ ಎಂದರೇನೆಂದೇ ಅರಿಯದ ಕೂಲಿಗಳ ಮೇಲೆ ಈ ಭಾರ ಬಿತ್ತು.

ಮೈ ತಡಕುವುದನ್ನು ಹೇಗೋ ಸಹಿಸಿದ ಕಾರ್ಮಿಕರು ಹೆಬ್ಬೆಟ್ಟು ಕೇಳಿದಾಗ ಸಹಿಸಲಿಲ್ಲ. ಎಲ್ಲರ ಬೆರಳಚ್ಚು ಪಡೆದು ನೋಂದಣಿ ಮಾಡಲು ಕಂಪನಿಗಳು ಹೊರಟಾಗ, 1930ರಲ್ಲಿ, ಗಣಿಗಳೆಲ್ಲ ನಿಂತುಹೋದವು. ಮುಷ್ಕರ ವಾರಗಟ್ಟಲೆ ನಡೆಯಿತು. ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುತ್ತಿದ್ದಾರೆ ಎಂಬ ಅವರ ಸಿಟ್ಟು ಸುಳ್ಳೇನೂ ಆಗಿರಲಿಲ್ಲ. ಕೆಜಿಎಫ್ ಸಿನಿಮಾ ನೋಡಿ ಇಲ್ಲಿ ಗುಲಾಮರಿದ್ದರು ಎಂದುಕೊಂಡವರಿಗೆ ಈ ಮುಷ್ಕರದ ಕತೆ ಯಾರಾದರೂ ಹೇಳಬೇಕು.

ಸಂಸ್ಥಾನ ಹೋಯಿತು, ಕಂಪನಿಗಳೂ ಹೋದವು. ಆದರೆ ಆ ತಿರುಗಿದ ಲೆಕ್ಕದ ನೆರಳು ರಾಜ್ಯದ ಕಾನೂನಿನಲ್ಲಿ ಈಗಲೂ ಇದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 98ನೇ ಕಲಂ ತೆಗೆದು ನೋಡಿ. ಕದ್ದದ್ದೆಂದು ನಂಬಲು ಕಾರಣವಿರುವ ವಸ್ತು ಕೈಯಲ್ಲಿದ್ದು, ಅದರ ಬಗ್ಗೆ ಮ್ಯಾಜಿಸ್ಟ್ರೇಟರಿಗೆ ಒಪ್ಪುವ ಸಮಜಾಯಿಷಿ ಕೊಡದಿದ್ದರೆ ಅದೇ ಅಪರಾಧ. ಮಾಲಿನ ಯಜಮಾನ ಯಾರೆಂದು ಗೊತ್ತಿಲ್ಲದಾಗ ಪೊಲೀಸರು ಹಾಕುವ ಕಲಂ ಇದು.

ಉಳಿದ ದೊಡ್ಡ ಶಿಕ್ಷೆಗಳೆಲ್ಲ ಇರುವುದು ಕೇಂದ್ರದ ಪುಸ್ತಕದಲ್ಲಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮರಣದಂಡನೆ, ಜೀವಾವಧಿ, ಕಠಿಣ ಮತ್ತು ಸಾದಾ ಸಜೆ, ಆಸ್ತಿ ಮುಟ್ಟುಗೋಲು, ದಂಡ ಎಂಬ ಹಳೆಯ ಸಾಲಿಗೆ ಸಮುದಾಯ ಸೇವೆ ಹೊಸದಾಗಿ ಸೇರಿದೆ. ಜೈಲು ಮಾತ್ರ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಶಿಕ್ಷೆ ಎಷ್ಟು ವರ್ಷ ಎಂಬುದನ್ನು ದೆಹಲಿಯ ಕಾನೂನು ಹೇಳುತ್ತದೆ. ಆ ವರ್ಷಗಳು ಒಳಗೆ ಹೇಗೆ ಕಳೆಯುತ್ತವೆ, ಪೆರೋಲ್ ಹೇಗೆ, ಕೂಲಿ ಎಷ್ಟು ಎಂಬುದೆಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ. ಕಠಿಣ ಸಜೆ ಎಂದರೆ ದುಡಿಯಲೇಬೇಕು. 2023ರ ಸುಮಾರಿಗೆ ರಾಜ್ಯ ಸರ್ಕಾರ ಕೈದಿಗಳ ಕೂಲಿ ಪರಿಷ್ಕರಿಸಿ, ಕೆಲಸ ಬಾರದವರಿಗೆ ದಿನಕ್ಕೆ 524 ರೂಪಾಯಿ, ಪಳಗಿದವರಿಗೆ 663ರವರೆಗೆ ಕೊಡಲು ಒಪ್ಪಿತು. ‘ಒಳಗಿದ್ದವರಿಗೇ ಚೆನ್ನಾಗಿದೆ’ ಎಂದು ಗೊಣಗುವವರಿದ್ದಾರೆ. ಬಿಡುಗಡೆಯಾಗಿ ಹೊರಬಂದವನ ಕೈಯಲ್ಲಿ ನಾಲ್ಕು ಕಾಸಿದ್ದರೆ ಅವನು ಮತ್ತೆ ಕನ್ನ ಹಾಕುವುದು ಕಡಿಮೆ ಎಂಬ ಸರಳ ಲೆಕ್ಕವನ್ನು ಅವರು ಹಾಕಿರುವುದಿಲ್ಲ.

ಆದರೆ ಈ ಕೂಲಿಯ ಮಾತು ಜೈಲಿನಲ್ಲಿರುವ ಹೆಚ್ಚಿನವರಿಗೆ ಸಂಬಂಧಿಸಿದ್ದೇ ಅಲ್ಲ. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು, ಎಂದರೆ ಇನ್ನೂ ತಪ್ಪಿತಸ್ಥರೆಂದು ತೀರ್ಮಾನವಾಗದವರು. ಜಾಮೀನಿಗೆ ಆಳು ಸಿಗದೆ ಕೂತವರೇ ಅವರಲ್ಲಿ ಬಹಳ. ಹಿಂದೆ ಎಂದೂ ಶಿಕ್ಷೆಯಾಗಿರದವನು ತನ್ನ ಮೇಲಿರುವ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೇಳುತ್ತದೆ. ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾದವರು ಜೈಲಿನ ಅಧೀಕ್ಷಕರೇ. ಕೊಕ್ಕೆಯೂ ಅಲ್ಲೇ ಇದೆ: ಒಂದಕ್ಕಿಂತ ಹೆಚ್ಚು ಕೇಸಿದ್ದರೆ ಈ ಸೌಲಭ್ಯ ಇಲ್ಲ. ಹಳೆಯ ಕಳ್ಳತನಗಳನ್ನೆಲ್ಲ ಒಬ್ಬ ಹುಡುಗನ ತಲೆಗೆ ಕಟ್ಟಿದರೆ ಅವನ ಗತಿ ಏನಾದೀತೆಂದು ವಕೀಲರನ್ನು ಕೇಳಬೇಕಿಲ್ಲ. ಇಂಥವನಿಗೆ ವಕೀಲರ ಫೀಸು ಕೊಡಲಾಗದಿದ್ದರೂ ನಡೆಯುತ್ತದೆ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು 1987ರ ಕಾಯ್ದೆ ಕೊಟ್ಟ ಹಕ್ಕು, ಅದಕ್ಕೆ ಆದಾಯದ ಮಿತಿಯೂ ಅಡ್ಡಬರುವುದಿಲ್ಲ.

ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ ಮುಚ್ಚಿದ ಶಾಫ್ಟ್‌ಗಳಿಗೆ ಇಳಿಯುವವರು ಇನ್ನೂ ಇದ್ದಾರೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಮಾರಿಕುಪ್ಪಂ ಬಳಿ ಹೀಗೆ ಇಳಿದವರಲ್ಲಿ ಮೂವರು ಸತ್ತರು. ಗಾಳಿಯಿಲ್ಲದ ಆ ಕತ್ತಲೆಗೆ ಕಲಂ ಬೇಕಿಲ್ಲ.

ಈಗ ಹೊಸ ಅಧ್ಯಾಯವೊಂದು ತೆರೆಯುವಂತಿದೆ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ, ಊರ ತುಂಬ ಬಿದ್ದಿರುವ ಸೈನೈಡ್ ದಿಬ್ಬಗಳಲ್ಲಿ 13ನ್ನು ಮತ್ತೆ ಸೋಸಿ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಮಕ್ಕಳು ಜಾರಿ ಆಡಿದ ಮಣ್ಣು ಮತ್ತೆ ಮಾಲಾಗುತ್ತದೆ. ಒಂದು ಟನ್ ದಿಬ್ಬದ ಮಣ್ಣಿನಲ್ಲಿ ಇರುವುದು ಒಂದು ಗ್ರಾಮಿಗಿಂತ ಕಡಿಮೆ ಚಿನ್ನ. ಐವತ್ತು ಕೆಜಿಯ ಚೀಲ ಹೊತ್ತರೆ ಕೆಲವು ನೂರು ರೂಪಾಯಿಯ ಬಾಬತ್ತು. ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳವಿಗೆ ಮೂರು ವರ್ಷದವರೆಗೆ ಸಜೆ. ಮಾಲು 5000 ರೂಪಾಯಿಗಿಂತ ಕಡಿಮೆಯಿದ್ದು, ಅದನ್ನು ಹಿಂತಿರುಗಿಸಿದರೆ, ಮೊದಲ ಸಲದವನಿಗೆ ಸಮುದಾಯ ಸೇವೆ ಸಾಕು. ಅದೇ ಚೀಲವನ್ನು ಗುಂಪು ಕಟ್ಟಿಕೊಂಡು ಹೊತ್ತರೆಂದು ಪೊಲೀಸರು 112ನೇ ಕಲಂ ಹಾಕಿದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ ಸಜೆ. ಗುಂಪು ಎಂದರೆ ಎಷ್ಟು ಮಂದಿ ಎಂದು ಆ ಕಲಂ ಹೇಳಿಲ್ಲ.