ಹೆಸರು ಉಳಿಯಬೇಕಾದ ಚಿತ್ರಗಳು

ಕಾರವಾರ-ಅಂಕೋಲಾ ಕರಾವಳಿಯಲ್ಲಿ ಹಳೆಯ ಛಾಯಾಚಿತ್ರ ಉಳಿಯುವುದೇ ಕಷ್ಟ. ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಳ್ಳುತ್ತದೆ. ಇಲ್ಲಿನ ಅನೇಕ ಕುಟುಂಬಗಳಿಗೆ ಚಿತ್ರ ಉಳಿದರೂ ಅದರಲ್ಲಿರುವ ಮನೆ ಉಳಿದಿಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಗಾಗಿ ಅರ್ಗಾ ಮೊದಲಾದ ಊರುಗಳ ಜನ ಮನೆ ತೆರವು ಮಾಡಬೇಕಾಯಿತು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶಕ್ಕೆ ಆ ನೆಲೆ ಬೇಕಿತ್ತು, ಸಂಶಯವಿಲ್ಲ. ಆದರೆ ಗುಂಟೆಗೆ, ತೆಂಗಿನಮರಕ್ಕೆ ಬೆಲೆ ಕಟ್ಟಬಲ್ಲ ಸರ್ಕಾರಿ ಕಡತದಲ್ಲಿ ಹಿತ್ತಲಿನ ನೆನಪಿಗೆ ಕಲಂ ಇರುವುದಿಲ್ಲ. ಅರ್ಥಶಾಸ್ತ್ರ ಓದಿ ಕಡತಗಳ ನಡುವೆಯೇ ಬಾಳಿದ ನಾನು ಇದನ್ನು ಬಲ್ಲೆ.

ನನ್ನ ಸೋದರತ್ತೆಯ ಗಂಡನ ಮನೆ ಅಂಥದೊಂದು ಊರಿನಲ್ಲಿತ್ತು. ಎಂಬತ್ತೆಂಟರ ಅತ್ತೆ ಈಗ ಅಂಕೋಲಾದಲ್ಲಿ ಮಗನ ಜೊತೆಗಿದ್ದಾರೆ, ನಾನು ಬೆಂಗಳೂರಿನಲ್ಲಿ. ತಂದೆಯವರ ಪೆಟ್ಟಿಗೆಯಲ್ಲಿದ್ದ ನಲವತ್ತು ಚಿತ್ರಗಳನ್ನು ಸ್ಕ್ಯಾನ್ ಮಾಡಿ, ದಿನಕ್ಕೆರಡರಂತೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಎಲ್ಲವನ್ನೂ ಒಮ್ಮೆಗೇ ಕಳುಹಿಸಿದರೆ ಹಿರಿಯರು ನೋಡಿ ಮುಗಿಸುತ್ತಾರೆ, ಮಾತು ಹೊರಡುವುದಿಲ್ಲ. ಮಾಮೂಲಿನಂತೆ ಕಳುಹಿಸಿದರೆ ಚಿತ್ರದ ಗಾತ್ರ ಕುಗ್ಗಿ ಮುಖಗಳು ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಹಾಗೆಯೇ ತಲುಪುತ್ತದೆ. ಮೊಮ್ಮಗಳು ಅದನ್ನು ಟ್ಯಾಬ್ಲೆಟ್‌ನಲ್ಲಿ ದೊಡ್ಡದಾಗಿ ತೋರಿಸಿ, ಅಜ್ಜಿಯ ಮಾತನ್ನು ಧ್ವನಿಮುದ್ರಿಸಿ ನನಗೆ ಕಳುಹಿಸುತ್ತಾಳೆ.

ಮದುವೆಯ ಚಿತ್ರವೊಂದರಲ್ಲಿ ನನಗೆ ಕಂಡದ್ದು ವಧೂವರರು. ಅತ್ತೆ ಹೇಳಿದ್ದು ಬೇರೆ: ‘ತಮ್ಮಾ, ಮದುಮಕ್ಕಳನ್ನು ಬಿಡು. ಹಿಂದಿನ ಜಗುಲಿಯ ಕಂಬ ನೋಡು, ನಿನ್ನ ಮಾವ ಅದಕ್ಕೇ ಒರಗಿ ಕೂರುತ್ತಿದ್ದರು.’ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಹೆಂಗಸೊಬ್ಬಳಿದ್ದಳು. ಕೊರಳು ತುಂಬ ಕರಿಮಣಿ ಸರಗಳಿದ್ದುದರಿಂದ ಹಾಲಕ್ಕಿ ಒಕ್ಕಲಿನವಳೆಂದು ಯಾರಾದರೂ ಹೇಳಬಹುದಿತ್ತು. ಅವಳ ಹೆಸರು, ಅತ್ತೆಯ ಮೂರು ಬಾಣಂತನಗಳಲ್ಲೂ ಜೊತೆಗಿದ್ದವಳು ಅವಳೆಂಬುದು, ಇಡೀ ಬಳಗದಲ್ಲಿ ಒಬ್ಬರಿಗೇ ಗೊತ್ತಿತ್ತು. ಆ ಹೆಸರನ್ನು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ, ಕಂಪ್ಯೂಟರಿನ ಕಡತಕ್ಕೂ ಅದನ್ನೇ ಇಟ್ಟಿದ್ದೇನೆ. ಚಿತ್ರಗಳನ್ನು ಸ್ಕ್ಯಾನ್ ಮಾಡುವ ನಮ್ಮವರ ಉತ್ಸಾಹ ಹೆಸರು ಕೇಳುವುದರಲ್ಲಿ ಕಾಣದು.

ಹನ್ನೊಂದು ಮುಖಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಅತ್ತೆ ಕೇಳುತ್ತಿರುವುದು ಮಾತ್ರ ಒಂದೇ: ಹಿತ್ತಲಿನ ಬಾವಿ ಕಾಣುವ ಚಿತ್ರ ಯಾರ ಬಳಿಯಾದರೂ ಇದೆಯೇ? ನನ್ನ ಪೆಟ್ಟಿಗೆಯಲ್ಲಿಲ್ಲ. ಮುಂಬೈ, ಧಾರವಾಡಗಳಲ್ಲಿರುವ ಬಂಧುಗಳಿಗೆ ತಮ್ಮ ಕಪಾಟು ತೆರೆದು ನೋಡಲು ಹೇಳಿದ್ದೇನೆ.